ಸಿಯೋಲ್ ನಗರದಲ್ಲಿ ಒಂದು ಹಳ್ಳದ ಹುಟ್ಟನ್ನು ಹುಡುಕುತ್ತ

(ಬಳಗದ ವಿದ್ಯಾರ್ಥಿ ಶಿಬಿರದ ಎರಡನೆಯ ಸಂಜೆ ನೀಡಿದ ಉಪನ್ಯಾಸದ ಬರಹರೂಪ)



ಪರದೇಶದಲ್ಲಿ ಪರಿಚಯವಿಲ್ಲದ ನಗರವೊಂದನ್ನು ಕಾಲ್ನಡಿಗೆಯಲ್ಲಿ ಅರಿಯುವುದು ಹೇಗೆ ಎಂಬ ವಿಷಯವನ್ನು ಶಿಬಿರದ ಸಂಘಟಕರು ನನಗೆ ವಹಿಸಿದ್ದಾರೆ. ಅಡಕೆ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿರುವ ಹಿರಿಯರಿಗೆ ಈ ವಿಷಯದಿಂದ ಆಗಬೇಕಾದುದೇನು ಎಂದು ಅನ್ನಿಸಿದರೆ ಅದು ಸಹಜವೇ. ಆದರೆ ಇಲ್ಲಿ ಕುಳಿತಿರುವ ತರುಣರಲ್ಲಿ ಬಹುಪಾಲು ಮಂದಿ ನಾಲ್ಕಾರು ವರ್ಷಗಳಲ್ಲಿ ಯಾವುದಾದರೊಂದು ನಗರಕ್ಕೆ ಹೋಗುವವರು. ಕೆಲವರು ಸಮುದ್ರ ದಾಟಿಯೂ ಹೋಗುತ್ತಾರೆ. ಹೋದವರು ಆ ನಗರವನ್ನು ಹೇಗೆ ನೋಡುತ್ತಾರೆ ಎಂಬುದರ ಮೇಲೆ, ಮರಳಿ ಬಂದಾಗ ಈ ಬೆಟ್ಟವನ್ನು ಹೇಗೆ ನೋಡುತ್ತಾರೆ ಎಂಬುದೂ ನಿಂತಿದೆ. ಆದುದರಿಂದ ಈ ವಿಷಯ ನಮಗೆ ಸಂಬಂಧಿಸಿದ್ದೇ ಎಂದು ಭಾವಿಸಿ ಮಾತನಾಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಶರತ್ಕಾಲದಲ್ಲಿ, ದಕ್ಷಿಣ ಕೊರಿಯದ ರಾಜಧಾನಿ ಸಿಯೋಲ್‌ನಲ್ಲಿ ಒಂಬತ್ತು ದಿನ ಇರುವ ಅವಕಾಶ ನನಗೆ ಒದಗಿತ್ತು. ನಮ್ಮ ಅಣ್ಣನ ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಬೆಳಿಗ್ಗೆ ಹೋದರೆ ಅವನು ಮರಳುವುದು ಕತ್ತಲಾದ ಮೇಲೆಯೇ. "ಚಿಕ್ಕಪ್ಪಾ, ಇಲ್ಲಿ ಮೆಟ್ರೋ ಎಲ್ಲ ಕಡೆಗೂ ಇದೆ, ನಡೆಯುವುದೇಕೆ?" ಎಂದು ಅವನು ಮೊದಲ ದಿನವೇ ಕೇಳಿದ. ನೆಲದೊಳಗಿನ ರೈಲಿನಲ್ಲಿ ಕುಳಿತವನಿಗೆ ನಿಲ್ದಾಣಗಳು ಗೊತ್ತಾಗುತ್ತವೆಯೇ ಹೊರತು ಊರು ಗೊತ್ತಾಗುವುದಿಲ್ಲ. ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಮಳೆಯ ನೀರು ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಹೇಳಬಲ್ಲದ್ದು ನಮ್ಮ ಮೊಣಕಾಲು ಮಾತ್ರ. ಈ ವಿದ್ಯೆಯನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ಊರಿಗೆ ನೆಂಟರ ಮನೆಗೆ ಹೋದರೂ ನಾವು ಮೊದಲು ಕೇಳುವುದು 'ನೀರು ಎಲ್ಲಿಂದ ಬರುತ್ತದೆ, ಅಬ್ಬಿಯೋ ಬಾವಿಯೋ' ಎಂದೇ ಅಲ್ಲವೇ? ನಗರದಲ್ಲಿಯೂ ಅದನ್ನೇ ಕೇಳಬೇಕು. ಅಲ್ಲಿ ಉತ್ತರ ಹೇಳುವವರು ಸಿಗುವುದು ಕಷ್ಟವಾದ್ದರಿಂದ ನಡೆದೇ ಕಂಡುಕೊಳ್ಳಬೇಕು.

ಭಾಷೆ ಬಾರದ ಊರಿನಲ್ಲಿ ದಾರಿ ತಿಳಿಯುವ ಬಗೆ ಏನು? ನನಗೆ ನೆರವಾದದ್ದು ಅಲ್ಲಿನ ಲಿಪಿ. ಹಂಗುಲ್ ಎಂಬ ಈ ಲಿಪಿಯನ್ನು ಸೆಜೋಂಗ್ ಎಂಬ ದೊರೆ 1446ರಲ್ಲಿ ಪ್ರಜೆಗಳಿಗೆ ಪ್ರಕಟಿಸಿದ. ಅದಕ್ಕೆ ಮುಂಚೆ ಅಲ್ಲಿನವರು ಚೀನೀ ಅಕ್ಷರಗಳನ್ನು ಕಲಿಯಬೇಕಿತ್ತು, ಅದು ಉಳ್ಳವರಿಗಷ್ಟೇ ಸಾಧ್ಯವಿತ್ತು. ಹಂಗುಲ್‌ನಲ್ಲಿ ಮೂಲ ಅಕ್ಷರಗಳು 24. ವ್ಯಂಜನದ ಪಕ್ಕದಲ್ಲೋ ಕೆಳಗೋ ಸ್ವರವನ್ನು ಕೂಡಿಸಿ, ಅಡಿಯಲ್ಲಿ ಇನ್ನೊಂದು ವ್ಯಂಜನವನ್ನಿಟ್ಟು ಒಂದು ಚೌಕ ಕಟ್ಟುತ್ತಾರೆ. ಕಾಗುಣಿತವನ್ನೂ ಒತ್ತಕ್ಷರವನ್ನೂ ಬಾಲ್ಯದಲ್ಲೇ ತಿದ್ದಿದ ಕನ್ನಡದ ಮಕ್ಕಳಿಗೆ ಇದು ಎರಡು ದಿನದ ಕೆಲಸ. ವಿಮಾನದಲ್ಲಿಯೇ ಅರ್ಧ ಕಲಿತೆ. ಉಳಿದರ್ಧವನ್ನು ಅಂಗಡಿಗಳ ಫಲಕಗಳು ಕಲಿಸಿದವು. ಅರ್ಥ ತಿಳಿಯದಿದ್ದರೂ ಓದಲು ಬಂದರೆ ಊರು ಬಾಯಿ ಬಿಡುತ್ತದೆ. ಅಲ್ಲಿನ ಸ್ಥಳನಾಮಗಳಲ್ಲಿ 'ಸಾನ್' ಎಂದರೆ ಬೆಟ್ಟ, 'ಚೊನ್' ಎಂದರೆ ಹಳ್ಳ, 'ಗ್ಯೋ' ಎಂದರೆ ಸೇತುವೆ, 'ಮುನ್' ಎಂದರೆ ಬಾಗಿಲು, 'ದೋಂಗ್' ಎಂದರೆ ಕೇರಿ. ಈ ಐದು ಮಾತುಗಳು ತಿಳಿದರೆ ನಕ್ಷೆಯ ಮೇಲೆ ಹಳೆಯ ನೆಲ ಕಾಣತೊಡಗುತ್ತದೆ. ನಮ್ಮಲ್ಲಿ ಮಕ್ಕಿ, ಕೊಡ್ಲು, ಜಡ್ಡು, ಕಾನು ಎಂದು ಕೊನೆಗೊಳ್ಳುವ ಊರುಗಳ ಹೆಸರು ಕೇಳಿದೊಡನೆ ಅಲ್ಲಿ ಗದ್ದೆಯಿತ್ತೋ ಕಾಡಿತ್ತೋ ಎಂದು ಊಹಿಸುತ್ತೇವಲ್ಲ, ಹಾಗೆಯೇ. ಸೇತುವೆಯ ಹೆಸರಿರುವಲ್ಲಿ ಸೇತುವೆಯೇ ಇಲ್ಲ, ಬರಿಯ ಡಾಂಬರು ರಸ್ತೆಯಿದೆ ಎಂದಾದರೆ, ಅದರಡಿಯಲ್ಲಿ ಹಳ್ಳವೊಂದು ಹೂತುಹೋಗಿದೆ ಎಂದು ತಿಳಿಯಬೇಕು.

ಸಿಯೋಲ್ ಸುಮಾರು 93 ಲಕ್ಷ ಜನರ ನಗರ. ಆದರೆ ಅದರ ಹೃದಯಭಾಗ ನಮ್ಮ ಒಂದು ಹೋಬಳಿಯಷ್ಟು ಅಗಲದ ಬೋಗುಣಿ. ಉತ್ತರಕ್ಕೆ ಬುಗಾಕ್‌ಸಾನ್, ಪಶ್ಚಿಮಕ್ಕೆ ಇನ್ವಾಂಗ್‌ಸಾನ್, ದಕ್ಷಿಣಕ್ಕೆ ನಾಮ್‌ಸಾನ್, ಪೂರ್ವಕ್ಕೆ ನಾಕ್‌ಸಾನ್. ಈ ನಾಲ್ಕು ಬೆಟ್ಟಗಳ ನಡುವಿನ ತಗ್ಗನ್ನು ಜೋಸೊನ್ ವಂಶದ ಮೊದಲ ದೊರೆ 1394ರಲ್ಲಿ ರಾಜಧಾನಿಯಾಗಿ ಆರಿಸಿದ. ಬೆನ್ನಿಗೆ ಬೆಟ್ಟ, ಮುಂದೆ ನೀರು ಇರಬೇಕೆಂಬುದು ಅವರ ವಾಸ್ತುವಿನ ನಿಯಮ. ಬೆಟ್ಟಗಳು ದೊಡ್ಡವೇನಲ್ಲ. ಎಲ್ಲಕ್ಕಿಂತ ಎತ್ತರದ ಬುಗಾಕ್‌ಸಾನ್ 342 ಮೀಟರ್, ಅಂದರೆ ನಮ್ಮ ಕೊಡಚಾದ್ರಿಯ ಕಾಲು ಭಾಗ. ನಾಕ್‌ಸಾನ್ ಸುಮಾರು 125 ಮೀಟರ್. ಅದನ್ನು ನಮ್ಮವರು ದಿಬ್ಬ ಎಂದಾರು. ಈ ನಾಲ್ಕೂ ಬೆಟ್ಟಗಳ ಮಳೆನೀರು ಕೆಳಗಿಳಿದು ಒಂದು ಹಳ್ಳವಾಗಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ದಕ್ಷಿಣದಲ್ಲಿರುವ ಮಹಾನದಿ ಹಾನ್ ಹರಿಯುವುದೋ ಪೂರ್ವದಿಂದ ಪಶ್ಚಿಮಕ್ಕೆ, ಹಳದಿ ಸಮುದ್ರದ ಕಡೆಗೆ. ಊರೊಳಗಿನ ಹಳ್ಳ ಒಂದು ದಿಕ್ಕಿಗೆ, ಊರಾಚೆಯ ನದಿ ಎದುರು ದಿಕ್ಕಿಗೆ. ಒಂದೇ ಸಾಲಿನ ಬೆಟ್ಟಗಳಿಂದ ತುಂಗೆ ಪೂರ್ವಕ್ಕೂ ನೇತ್ರಾವತಿ ಪಶ್ಚಿಮಕ್ಕೂ ಹೋಗುವುದನ್ನು ಕಂಡ ನಮಗೆ ಇದರ ಸೊಗಸು ಬೇಗ ಮನಸ್ಸಿಗೆ ಹತ್ತುತ್ತದೆ.

ಬೆಟ್ಟಗಳ ನೆತ್ತಿಯನ್ನು ಜೋಡಿಸಿ ಕಟ್ಟಿದ ಕೋಟೆಗೋಡೆ 18.6 ಕಿಲೋಮೀಟರ್ ಉದ್ದ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಗೋಡೆ ಈಗಲೂ ಇದೆ ಅಥವಾ ಮತ್ತೆ ಕಟ್ಟಲ್ಪಟ್ಟಿದೆ. ಅದರ ಗುಂಟ ನಡೆದರೆ ನಗರವನ್ನು ಅಂಗೈ ಮೇಲಿಟ್ಟು ನೋಡಿದಂತೆ. ನಾನು ಅದನ್ನು ಎರಡು ದಿನಗಳಲ್ಲಿ ಸುತ್ತಿದೆ. ಬುಗಾಕ್‌ಸಾನ್ ಭಾಗವನ್ನು 1968ರಲ್ಲಿ ಉತ್ತರ ಕೊರಿಯದ 31 ಮಂದಿ ಸೈನಿಕರು ಅಧ್ಯಕ್ಷರ ನಿವಾಸದ ಸಮೀಪಕ್ಕೆ ನುಗ್ಗಿ ಬಂದ ಮೇಲೆ ಜನರಿಗೆ ಮುಚ್ಚಲಾಗಿತ್ತು. 2007ರಿಂದ ಮತ್ತೆ ತೆರೆಯಲಾಯಿತು. ಗುಂಡಿನ ಗಾಯಗಳಿರುವ ಒಂದು ಪೈನ್ ಮರ ಅಲ್ಲಿ ದಾರಿಯ ಬದಿಯಲ್ಲೇ ನಿಂತಿದೆ.

ಗೋಡೆಯ ಕಲ್ಲುಗಳಲ್ಲಿ ಕೆಲವು ಕಡೆ ಅಕ್ಷರಗಳನ್ನು ಕೆತ್ತಿದ್ದಾರೆ. ರಾಜನ ಬಿರುದಾವಳಿ ಇರಬಹುದೆಂದು ನೋಡಿದರೆ ಹಾಗಲ್ಲ. ಗೋಡೆಯ ಈ ತುಂಡನ್ನು ಕಟ್ಟಿದವರು ಯಾವ ಸೀಮೆಯವರು ಎಂಬ ವಿವರ ಅದು. 1396ರಲ್ಲಿ ಎರಡು ಸರದಿಯಲ್ಲಿ, ಸರದಿಗೆ 49 ದಿನಗಳಂತೆ, ಸುಮಾರು 2 ಲಕ್ಷ ಜನರನ್ನು ದೇಶದ ಹಳ್ಳಿಹಳ್ಳಿಗಳಿಂದ ಬಿಟ್ಟಿ ದುಡಿಮೆಗೆ ಕರೆತಂದು ಈ ಗೋಡೆಯನ್ನು ಎಬ್ಬಿಸಿದರು. ಒಂದೊಂದು ಸೀಮೆಗೆ ಒಂದೊಂದು ತುಂಡು. ತುಂಡು ಕುಸಿದರೆ ಅದೇ ಸೀಮೆಯವರು ಬಂದು ರಿಪೇರಿ ಮಾಡಬೇಕು. ಅದಕ್ಕಾಗಿ ಹೆಸರಿನ ಕೆತ್ತನೆ. ಗುತ್ತಿಗೆದಾರನ ಹೆಸರನ್ನು ಸೇತುವೆಯ ಮೇಲೆ ಕೆತ್ತುವ ಪದ್ಧತಿ ನಮ್ಮ ತಾಲ್ಲೂಕಿನಲ್ಲಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನೀವು ನಗುತ್ತಿದ್ದೀರಿ. ನಗಬೇಕಾದ್ದೇ. ಆದರೆ ಚಳಿಗಾಲದಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ನೂರಾರು ಮೈಲಿ ನಡೆದು ಬಂದು, ಕಲ್ಲು ಹೊತ್ತ ರೈತನಿಗೆ ಆ ಕೆತ್ತನೆ ಹೆಮ್ಮೆಯದಾಗಿರಲಿಲ್ಲ, ಋಣಪತ್ರವಾಗಿತ್ತು.

ನಾಕ್‌ಸಾನ್ ಬದಿಯಲ್ಲಿ ಗೋಡೆ ಇಳಿಯುವಲ್ಲಿ ಇಹ್ವಾದೋಂಗ್ ಎಂಬ ಕೇರಿಯಿದೆ. ಇಕ್ಕಟ್ಟಾದ ಮೆಟ್ಟಿಲುಗಳು, ಪುಟ್ಟ ಮನೆಗಳು, ಮುದುಕರು, ಹೊಲಿಗೆ ಕೆಲಸದವರು. ಈ ಬಡ ಕೇರಿಯನ್ನು ಅಂದಗೊಳಿಸಲೆಂದು 2006ರಲ್ಲಿ ಕಲಾವಿದರು ಮೆಟ್ಟಿಲುಗಳ ಮೇಲೂ ಗೋಡೆಗಳ ಮೇಲೂ ಚಿತ್ರ ಬರೆದರು. ಚಿತ್ರಗಳು ಪ್ರಸಿದ್ಧವಾದವು. ಜನ ಬಂದರು, ಹಗಲು ರಾತ್ರಿ ಬಂದರು, ಕಿಟಕಿಯೊಳಗೆ ಇಣುಕಿದರು. ಕೊನೆಗೆ 2016ರಲ್ಲಿ ಅಲ್ಲಿನ ಕೆಲವು ನಿವಾಸಿಗಳೇ ಮೆಟ್ಟಿಲಿನ ಹೂವು ಮತ್ತು ಮೀನುಗಳ ಚಿತ್ರಕ್ಕೆ ಬಣ್ಣ ಬಳಿದು ಅಳಿಸಿಹಾಕಿದರು. ಇನ್ನೊಂದು ಹಳೆಯ ಕೇರಿ, ಹೆಂಚಿನ ಮನೆಗಳ ಬುಕ್‌ಚೋನ್‌ನಲ್ಲಿ, ಅತಿ ಜನಸಂದಣಿಯ ಭಾಗಕ್ಕೆ ಪ್ರವಾಸಿಗರು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಬರಬೇಕೆಂಬ ನಿಯಮವನ್ನು 2024ರ ನವೆಂಬರಿನಲ್ಲಿ ತಂದು, 2025ರ ಮಾರ್ಚಿನಿಂದ ದಂಡವನ್ನೂ ವಿಧಿಸತೊಡಗಿದರು. ವಾರಾಂತ್ಯದಲ್ಲಿ ನಮ್ಮ ಗುಡ್ಡಗಳಿಗೆ ಸಾಲುಗಟ್ಟಿ ಏರುವ ಕಾರುಗಳನ್ನು, ಅಬ್ಬಿಯ ಬುಡದಲ್ಲಿ ಬಿದ್ದ ಬಾಟಲಿಗಳನ್ನು ನೋಡಿ ಬೇಸತ್ತವರು ಇಲ್ಲಿ ಇದ್ದೀರಿ. ಪರಸ್ಥಳದಲ್ಲಿ ನಾವೇ ಆ ಕಾರಿನವರು ಎಂಬುದು ನೆನಪಿರಲಿ. ನಡೆದುಹೋಗುತ್ತಿದ್ದೇವೆ ಎಂಬ ಕಾರಣಕ್ಕೆ ಯಾರ ಮನೆಯ ಜಗಲಿಯೂ ನಮ್ಮದಾಗುವುದಿಲ್ಲ.

ಇನ್ನು ಹಳ್ಳದ ವಿಷಯ. ನಾನು ಹೋದದ್ದೇ ಅದಕ್ಕಾಗಿ ಎಂದರೂ ತಪ್ಪಿಲ್ಲ.

ಈ ಹಳ್ಳದ ಹೆಸರು ಚೊಂಗ್ಯೆಚೊನ್. ಊರಿನ ನಡುವೆ ಹರಿಯುತ್ತಿದ್ದುದರಿಂದ ಊರಿನ ಕೊಳೆಯನ್ನೆಲ್ಲ ಅದೇ ಹೊರುತ್ತಿತ್ತು. ಹೆಂಗಸರು ಬಟ್ಟೆ ಒಗೆಯುತ್ತಿದ್ದುದೂ ಅದರಲ್ಲೇ. ಸೆಜೋಂಗ್ ದೊರೆಯ ಕಾಲದಲ್ಲಿ, 1441ರಲ್ಲಿ, ನೀರಿನ ಮಟ್ಟ ಅಳೆಯುವ ಗುರುತುಗಂಬವನ್ನು ಅಲ್ಲಿ ನೆಟ್ಟರು. ಮುಂದಿನ ಶತಮಾನಗಳಲ್ಲಿ ಜನ ಹೆಚ್ಚಿದರು. ಕೊರಿಯದ ಮನೆಗಳಲ್ಲಿ ನೆಲದಡಿಯಲ್ಲಿ ಬೆಂಕಿಯ ಹೊಗೆ ಹರಿಸಿ ನೆಲವನ್ನು ಬಿಸಿ ಮಾಡುವ ಪದ್ಧತಿಯಿದೆ. ಅದಕ್ಕೆ ಕಟ್ಟಿಗೆ ಬೇಕು. ಸುತ್ತಲ ಬೆಟ್ಟಗಳು ಬೋಳಾದವು, ಇಳಿಜಾರಿನಲ್ಲಿ ಬೇಸಾಯ ಬಂತು, ಮಣ್ಣು ಇಳಿದು ಹಳ್ಳ ತುಂಬಿತು, ಸ್ವಲ್ಪ ಮಳೆಗೂ ಊರು ಮುಳುಗತೊಡಗಿತು. 1760ರಲ್ಲಿ ಯೊಂಗ್‌ಜೋ ಎಂಬ ದೊರೆ 57 ದಿನಗಳ ಕಾಲ 2 ಲಕ್ಷಕ್ಕೂ ಹೆಚ್ಚು ಜನರನ್ನು ತೊಡಗಿಸಿ ಹೂಳೆತ್ತಿಸಿದ. ಇದರಲ್ಲಿ ಹೂಲಿ ಪಡೆದವರೂ ಇದ್ದರು. ಹೂಳೆತ್ತಿದ ಮೇಲೆ ಆತ ಮಾಡಿಸಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಸೇತುವೆಯ ಕಂಬದ ಮೇಲೆ 'ಇದು ಇಂಥ ವರ್ಷದ ನೆಲಮಟ್ಟ' ಎಂಬ ಅರ್ಥದ ನಾಲ್ಕು ಅಕ್ಷರಗಳನ್ನು ಕೆತ್ತಿಸಿದ. ಮುಂದಿನವರು ಹೂಳೆತ್ತುವಾಗ ಎಲ್ಲಿಯವರೆಗೆ ತೆಗೆಯಬೇಕೆಂದು ಆ ಗುರುತು ಹೇಳುತ್ತದೆ. ನಮ್ಮ ಕೆರೆಗಳ ಹೂಳೆತ್ತುವ ಕಾಮಗಾರಿಗಳು ವರ್ಷವರ್ಷವೂ ನಡೆಯುತ್ತವೆ. ಎಷ್ಟು ಆಳ ತೆಗೆದರು ಎಂದು ಕೇಳಿದರೆ ಬಿಲ್ಲಿನ ಹೊರತು ಬೇರೆ ಗುರುತು ಸಿಗುವುದಿಲ್ಲ.

1950ರಿಂದ 53ರವರೆಗಿನ ಯುದ್ಧದ ನಂತರ ನಿರಾಶ್ರಿತರು ಹಳ್ಳದ ಎರಡೂ ದಡಗಳಲ್ಲಿ ಹಲಗೆಯ ಗುಡಿಸಲು ಕಟ್ಟಿದರು. ಕೊಳೆ ವಿಪರೀತವಾಯಿತು. ಸರ್ಕಾರ ಕಂಡುಕೊಂಡ ಪರಿಹಾರವೆಂದರೆ ಹಳ್ಳವನ್ನೇ ಮುಚ್ಚುವುದು. 1958ರಲ್ಲಿ ಕಾಂಕ್ರೀಟಿನ ಹೊದಿಕೆ ಆರಂಭವಾಯಿತು. 1967ರಿಂದ ಅದರ ಮೇಲೆ ಎತ್ತರದ ಮೇಲ್ಸೇತುವೆ ಎದ್ದಿತು. ಗುಡಿಸಲಿನವರಲ್ಲಿ ಬಹಳ ಮಂದಿಯನ್ನು ನಗರದ ಆಗ್ನೇಯಕ್ಕೆ, ನೀರು ರಸ್ತೆ ಏನೂ ಇಲ್ಲದ ಬಯಲಿಗೆ ಸಾಗಿಸಲಾಯಿತು. 1971ರ ಆಗಸ್ಟಿನಲ್ಲಿ ಅಲ್ಲಿ ಅವರು ದಂಗೆ ಎದ್ದರು. ಹಳ್ಳ ಮಾತ್ರ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕತ್ತಲಲ್ಲಿ ಹರಿಯಿತು. ದಿನಕ್ಕೆ ಸುಮಾರು 1,68,000 ವಾಹನಗಳು ಅದರ ನೆತ್ತಿಯ ಮೇಲೆ ಓಡಿದವು.

ಸೇತುವೆ ಹಳತಾಗಿ ಅಪಾಯಕಾರಿಯಾದಾಗ, ರಿಪೇರಿ ಮಾಡುವ ಬದಲು ಕೆಡವಿ ಹಳ್ಳವನ್ನು ಬಿಡಿಸಬೇಕೆಂಬ ಮಾತು ಎದ್ದಿತು. 2002ರಲ್ಲಿ ಆ ಭರವಸೆಯ ಮೇಲೆ ಗೆದ್ದ ಮೇಯರ್ ಲೀ ಮ್ಯೊಂಗ್‌ಬಾಕ್, 2003ರ ಜುಲೈ 1ರಂದು ಕೆಲಸ ಆರಂಭಿಸಿದರು. 2005ರ ಅಕ್ಟೋಬರ್ 1ರಂದು 5.8 ಕಿಲೋಮೀಟರ್ ಹಳ್ಳ ಮತ್ತೆ ಬೆಳಕು ಕಂಡಿತು. ಖರ್ಚು ಸುಮಾರು 38,600 ಕೋಟಿ ವೊನ್. ವಾಹನ ಸಂಚಾರ ಕುಸಿದು ಬೀಳುತ್ತದೆ ಎಂದು ಹೆದರಿದವರಿದ್ದರು. 2004ರಲ್ಲಿ ಬಸ್ಸುಗಳ ವ್ಯವಸ್ಥೆಯನ್ನೇ ಬದಲಿಸಿ, ರಸ್ತೆಯ ನಡುವೆ ಬಸ್ಸಿಗೇ ಪ್ರತ್ಯೇಕ ಪಥ ಕೊಟ್ಟರು. ನಗರ ಕುಸಿಯಲಿಲ್ಲ.

ನಾನು ಮೇಲಿನಿಂದ ಕೆಳಕ್ಕೆ, ಹರಿವಿನ ಗುಂಟ, ಒಂದು ಇಡೀ ದಿನ ನಡೆದೆ. ರಸ್ತೆಗಿಂತ ಎರಡಾಳು ತಗ್ಗಿನಲ್ಲಿ ಕಾಲುದಾರಿ. ಇಳಿದೊಡನೆ ಗದ್ದಲ ಮೇಲೆಯೇ ಉಳಿಯುತ್ತದೆ, ಗಾಳಿ ತಣ್ಣಗಾಗುತ್ತದೆ. ಪಕ್ಕದ ರಸ್ತೆಗಳಿಗಿಂತ ಬೇಸಿಗೆಯಲ್ಲಿ ಇಲ್ಲಿ 3ರಿಂದ 6 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ದಾಖಲಾಗಿದೆ. ದಾಟಲು ಅಲ್ಲಲ್ಲಿ ಕಲ್ಲುಗಳ ಸಾಲು, ನಮ್ಮ ಹಳ್ಳಗಳಲ್ಲಿ ಶಾಲೆಯ ಮಕ್ಕಳು ದಾಟುವಂತೆಯೇ. ಮೊದಮೊದಲ ಸೇತುವೆಗಳಲ್ಲೊಂದು ಗ್ವಾಂಗ್‌ತೋಂಗ್‌ಗ್ಯೋ. 1410ರಲ್ಲಿ ಕಟ್ಟಿದ್ದು. ಅದರ ಕಲ್ಲುಗಳು ಒಂದು ಸಮಾಧಿಯವು. ಮೂರನೆಯ ದೊರೆಗೆ ತನ್ನ ಮಲತಾಯಿಯ ಮೇಲೆ ದ್ವೇಷ. ಆಕೆಯ ಸಮಾಧಿಯನ್ನು ಊರಾಚೆಗೆ ಸಾಗಿಸಿ, ಅದರ ಕೆತ್ತನೆಯ ಕಲ್ಲುಗಳನ್ನು ಜನ ತುಳಿದಾಡುವ ಸೇತುವೆಗೆ ಹಾಕಿಸಿದ. ಕೆಲವು ಕೆತ್ತನೆಗಳು ತಲೆಕೆಳಗಾಗಿವೆ. ಶತಮಾನಗಳ ಕಾಲ ನೆಲದಡಿ ಮತ್ತು ನೀರಿನ ಮೇಲೆ ಇದ್ದರೂ ಮೋಡಗಳ ಸುರುಳಿ ಇನ್ನೂ ಹೊಸದಾಗಿದೆ.

ಮುಂದೆ ಮಾರುಕಟ್ಟೆಗಳು. 1905ರಲ್ಲಿ ಆರಂಭವಾದ ಗ್ವಾಂಗ್‌ಜಾಂಗ್ ಮಾರುಕಟ್ಟೆಯೊಳಗೆ ಹೆಂಗಸರು ಹೆಸರುಕಾಳು ನೆನೆಸಿ, ಬೀಸುವ ಕಲ್ಲಿನಲ್ಲಿ ರುಬ್ಬಿ, ಕಾವಲಿಯ ಮೇಲೆ ದಪ್ಪ ದೋಸೆಯಂತೆ ಹೊಯ್ಯುತ್ತಾರೆ. ಕಲ್ಲನ್ನು ಈಗ ತಿರುಗಿಸುವುದು ಮೋಟಾರು. ರುಬ್ಬುವ ಸದ್ದು ಮಾತ್ರ ನಮ್ಮ ಅಡುಗೆಮನೆಯದೇ.

ಅಲ್ಲಿಂದ ಸ್ವಲ್ಪ ಕೆಳಗೆ ಒಂದು ಸೇತುವೆಯ ಮೇಲೆ ಸೊಂಟದಿಂದ ಮೇಲಿನ ಕಂಚಿನ ಪ್ರತಿಮೆಯಿದೆ. ಅದು ಜೊನ್ ತೇಇಲ್ ಎಂಬ ದರ್ಜಿ ಯುವಕನದು. ಹಳ್ಳದ ಬದಿಯ ಪ್ಯೊಂಗ್‌ಹ್ವಾ ಮಾರುಕಟ್ಟೆಯ ಹೊಲಿಗೆಮನೆಗಳಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಅಟ್ಟಗಳಲ್ಲಿ, ಹದಿಹರೆಯದ ಹುಡುಗಿಯರು ಹಗಲಿರುಳು ದುಡಿಯುತ್ತಿದ್ದರು. ಕಾರ್ಮಿಕ ಕಾನೂನು ಪುಸ್ತಕದಲ್ಲಿತ್ತು, ಮಾರುಕಟ್ಟೆಯಲ್ಲಿ ಇರಲಿಲ್ಲ. ಎಲ್ಲ ಕಚೇರಿಗಳಿಗೂ ಅರ್ಜಿ ಕೊಟ್ಟು ಸೋತ ತೇಇಲ್, 1970ರ ನವೆಂಬರ್ 13ರಂದು, ತನ್ನ 22ನೆಯ ವಯಸ್ಸಿನಲ್ಲಿ, ಅಲ್ಲಿಯೇ ಮೈಗೆ ಬೆಂಕಿ ಹಚ್ಚಿಕೊಂಡ. ಆತನ ಜೀವನಚರಿತ್ರೆಯಲ್ಲಿ ಒಂದು ಸಂಗತಿ ಬರುತ್ತದೆ. ಹಸಿದ ಪುಟ್ಟ ಸಹಾಯಕಿಯರಿಗೆ ತನ್ನ ಬಸ್ಸಿನ ದುಡ್ಡಿನಲ್ಲಿ ತಿಂಡಿ ಕೊಡಿಸಿ, ಆತ ನಗರದ ಉತ್ತರದ ಅಂಚಿನ ಮನೆಯವರೆಗೆ ಗಂಟೆಗಟ್ಟಲೆ ನಡೆದು ಹೋಗುತ್ತಿದ್ದನಂತೆ. ನಾನು ಅಲ್ಲಿ ನಿಂತದ್ದು ನಡೆಯಲು ಬಿಡುವಿದ್ದುದರಿಂದ. ಆತ ಅದೇ ರಸ್ತೆಗಳಲ್ಲಿ ನಡೆದದ್ದು ಕಾಸಿಲ್ಲದ್ದರಿಂದ. ಕಾಲ್ನಡಿಗೆಯನ್ನು ಹೊಗಳುವ ನಮ್ಮಂಥವರು ಈ ಎರಡು ನಡಿಗೆಗಳನ್ನು ಒಂದೇ ಹೆಸರಿನಿಂದ ಕರೆಯಬಾರದು. ನಮ್ಮಲ್ಲಿಯೂ ಬಸ್ಸು ಬಾರದ ಊರಿನಿಂದ ಏಳೆಂಟು ಮೈಲಿ ನಡೆದು ಪ್ರೌಢಶಾಲೆಗೆ ಬರುವ ಹುಡುಗಿಯರಿದ್ದಾರೆ. ಅದಕ್ಕೆ ಚಾರಣ ಎನ್ನುವುದುಂಟೇ?

ಹಳ್ಳ ಬಿಡಿಸುವಾಗ ಸೇತುವೆಯಡಿಯ ಬೀದಿ ವ್ಯಾಪಾರಿಗಳನ್ನು ಎಬ್ಬಿಸಲಾಯಿತು. 2004ರಲ್ಲಿ ಅವರಿಗೆ ದೋಂಗ್‌ದೇಮುನ್ ಕ್ರೀಡಾಂಗಣದೊಳಗೆ ಜಾಗ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಲು ತೀರ್ಮಾನವಾಗಿ, 2008ರಲ್ಲಿ ಅವರು ಮತ್ತೆ ಗಂಟುಮೂಟೆ ಕಟ್ಟಿ ಇನ್ನೊಂದು ಕಡೆಗೆ ಹೋದರು. ಕ್ರೀಡಾಂಗಣದ ಜಾಗದಲ್ಲಿ 2014ರಲ್ಲಿ ಬೆಳ್ಳಿಬಣ್ಣದ ಭಾರಿ ವಿನ್ಯಾಸ ಕೇಂದ್ರ ತೆರೆಯಿತು. ಹಳ್ಳ ಮುಚ್ಚುವಾಗ ಗುಡಿಸಲಿನವರು ಹೋದರು, ತೆರೆಯುವಾಗ ಗಾಡಿಯವರು ಹೋದರು. ಹಿರಿಯರು ಲಿಂಗನಮಕ್ಕಿಯ ಹಿನ್ನೀರಿನ ಕತೆ ಬಲ್ಲವರಾದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ.

ಕೆಳಗೆ ಹೋದಂತೆ ಕಾಂಕ್ರೀಟು ಕಡಿಮೆಯಾಗಿ ಜೊಂಡು, ನೀರಂಜಿ ಗಿಡಗಳು, ಬಕಗಳು ಕಾಣಸಿಗುತ್ತವೆ. ಕೆಡವಿದ ಮೇಲ್ಸೇತುವೆಯ ಮೂರು ಕಂಬಗಳನ್ನು ನೆನಪಿಗಾಗಿ ನೀರಿನ ನಡುವೆಯೇ ಉಳಿಸಿದ್ದಾರೆ. ಮುಂಚೆ 4 ಬಗೆಯ ಮೀನುಗಳಿದ್ದ ಹಳ್ಳದಲ್ಲಿ 2008ರ ವೇಳೆಗೆ 25 ಬಗೆಯವು ಲೆಕ್ಕಕ್ಕೆ ಸಿಕ್ಕವು. ಇದು ಸುಳ್ಳಲ್ಲ. ಜಗತ್ತಿನ ಊರೂರುಗಳಿಂದ ಮಂತ್ರಿಗಳು, ಎಂಜಿನಿಯರುಗಳು ಬಂದು ನೋಡಿಹೋಗುವುದೂ ಇದಕ್ಕೇ. ನಮ್ಮ ಬೆಂಗಳೂರಿನ ರಾಜಕಾಲುವೆಗಳ ಚರ್ಚೆಯಲ್ಲೂ ಈ ಹಳ್ಳದ ಹೆಸರು ಬರುತ್ತದೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುವುದೆಂಬ ಪ್ರತೀತಿಯ ವೃಷಭಾವತಿಗೆ ಇಂಥ ಭಾಗ್ಯ ಬಂದರೆ ಬೇಡವೆನ್ನುವವರಾರು?

ಆದರೆ ನಾನು ನಡೆಯಲು ಆರಂಭಿಸಿದ ಜಾಗದ ಬಗ್ಗೆ ಹೇಳಬೇಕು. ಹಳ್ಳ ಮೊದಲಾಗುವಲ್ಲಿ ಒಂದು ಜಲಪಾತವಿದೆ. ಅದರ ಬಳಿ ಶಂಖದ ಹುಳುವಿನ ಚಿಪ್ಪಿನಾಕಾರದ, 20 ಮೀಟರ್ ಎತ್ತರದ, ನೀಲಿ ಕೆಂಪು ಬಣ್ಣದ ಲೋಹದ ಶಿಲ್ಪ. 2006ರಲ್ಲಿ ಅಮೆರಿಕದ ಕಲಾವಿದ ದಂಪತಿ ಮಾಡಿದ್ದು. ಅದರ ಹೆಸರು 'ಒರತೆ'. ಅಲ್ಲಿ ಒರತೆ ಎಂಬುದು ಇಲ್ಲ. ಅಲ್ಲಿ ಧುಮುಕುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪಿನ ಮೂಲಕ ಮೇಲೆತ್ತಿ ತಂದದ್ದು. ಉಳಿದದ್ದು ಮೆಟ್ರೋ ಸುರಂಗಗಳಲ್ಲಿ ಬಸಿಯುವ ಅಂತರ್ಜಲ. ದಿನಕ್ಕೆ 1.2 ಲಕ್ಷ ಟನ್, ಅಂದರೆ 12 ಕೋಟಿ ಲೀಟರ್. ಕರೆಂಟು ನಿಂತರೆ ಹಳ್ಳವೂ ನಿಲ್ಲುತ್ತದೆ. ನದಿಯಿಂದ ಎತ್ತಿದ ನೀರು ಹಳ್ಳದಲ್ಲಿ ಹರಿದು ಜುಂಗ್ನಾಂಗ್‌ಚೊನ್ ಸೇರಿ ಮತ್ತೆ ಅದೇ ನದಿಗೆ. ಜೋರು ಮಳೆ ಬಂದಾಗ ಮಾತ್ರ ಗೋಡೆಯ ಬಾಗಿಲುಗಳು ತೆರೆದುಕೊಂಡು ರಸ್ತೆಯ ಕೊಳೆನೀರು ಒಳನುಗ್ಗುತ್ತದೆ, ನಡೆಯುವವರನ್ನು ಮೇಲೆ ಹತ್ತಿಸುತ್ತಾರೆ.

ಹಾಗಾದರೆ ನಿಜವಾದ ಹಳ್ಳ ಎಲ್ಲಿ? ನಾಲ್ಕು ಬೆಟ್ಟಗಳ ನೀರು ಏನಾಯಿತು? ಏಳನೆಯ ದಿನ ನಾನು ಆ ಶಿಲ್ಪಕ್ಕೆ ಬೆನ್ನು ಮಾಡಿ ಮೇಲ್ಮುಖವಾಗಿ ಹೊರಟೆ. ಅರಮನೆಯ ಪಶ್ಚಿಮದ ಹಳೆಯ ಕೇರಿ ಸೊಚೋನ್‌ನಲ್ಲಿ ಉಳಿದ ರಸ್ತೆಗಳು ಹೆಚ್ಚು ಕಡಿಮೆ ನೇರವಾಗಿದ್ದರೆ, ಒಂದು ಓಣಿ ಮಾತ್ರ ಹಾವಿನಂತೆ ಬಳುಕುತ್ತದೆ. ಮನುಷ್ಯ ಹಾಕಿದ ರಸ್ತೆ ಹಾಗೆ ಬಳುಕುವುದಿಲ್ಲ. ಇಕ್ಕೆಲದ ಓಣಿಗಳೆಲ್ಲ ಅದರ ಕಡೆಗೇ ಇಳಿಯುತ್ತವೆ. ಅದು ಹೊದಿಕೆಯಡಿಯ ತೊರೆ. ಜಿಂಕ್ಗೋ ಮರಗಳ ಹಳದಿ ಎಲೆ, ಕೆಳಗೆ ಬಿದ್ದು ನಾರುವ ಅದರ ಹಣ್ಣು, ತರಕಾರಿ ಅಂಗಡಿ, ಮೂರು ಗಾಲಿಯ ಸೈಕಲ್ಲಿನ ಮಗು. ಇವೆಲ್ಲವೂ ನಿಂತಿರುವುದು ಒಂದು ತೊರೆಯ ಬೆನ್ನ ಮೇಲೆ. ಒಂದು ಕಬ್ಬಿಣದ ಜಾಲರಿಯ ಬಳಿ ಬಗ್ಗಿ ಕಿವಿಯಿಟ್ಟೆ. ಸದ್ದು ಕೇಳಿಸಿತು. ಅಂಗಡಿಯ ಮುದುಕಿ ನಾನೇನೋ ಕಳೆದುಕೊಂಡೆನೆಂದು ಎದ್ದು ಬಂದರು. ಕೈಸನ್ನೆಯಲ್ಲಿ ನೀರು ಎಂದೆ. ಆಕೆ ನಕ್ಕು, ಬೆಟ್ಟದ ಕಡೆಗೆ ಕೈ ತೋರಿಸಿದರು.

ಓಣಿಯ ಕೊನೆಯಲ್ಲಿ ಇನ್ವಾಂಗ್‌ಸಾನ್ ಬೆಟ್ಟದ ಬುಡ. ಜಾಗದ ಹೆಸರು ಸುಸೊಂಗ್‌ದೋಂಗ್, ನೀರಿನ ದನಿಯ ಕಣಿವೆ ಎಂದು ಅರ್ಥ. ಹದಿನೆಂಟನೆಯ ಶತಮಾನದಲ್ಲಿ ಜೊಂಗ್ ಸೊನ್ ಎಂಬ ಮಹಾ ಚಿತ್ರಕಾರ ಈ ಕಣಿವೆಯ ಬಂಡೆಗಳನ್ನೂ, ಎರಡು ಉದ್ದ ಕಲ್ಲುಚಪ್ಪಡಿಗಳ ಕಾಲುಸಂಕವನ್ನೂ ಬರೆದಿದ್ದ. 1971ರಲ್ಲಿ ಅಲ್ಲಿ ಒಂಬತ್ತು ಅಪಾರ್ಟ್‌ಮೆಂಟು ಕಟ್ಟಡಗಳು ಎದ್ದವು. ತೊರೆ ಮುಚ್ಚಿಹೋಯಿತು. ಕಾಲು ಶತಮಾನಕ್ಕೂ ಹೆಚ್ಚು ಕಾಲದ ನಂತರ ಕಟ್ಟಡಗಳನ್ನು ಕೆಡವಿ, ಹಳೆಯ ಆ ಚಿತ್ರವನ್ನೇ ನಕ್ಷೆಯಾಗಿಟ್ಟುಕೊಂಡು ಕಣಿವೆಯನ್ನು ಮತ್ತೆ ರೂಪಿಸಿ 2012ರಲ್ಲಿ ತೆರೆದರು. ಸಂಕ ಇನ್ನೂ ಇದೆ. ಇಲ್ಲಿ ಪಂಪಿಲ್ಲ, ಶಿಲ್ಪವಿಲ್ಲ, ಪ್ರವಾಸಿಗರೂ ಕಡಿಮೆ. ನಾನು ಹೋದಾಗ ಮಳೆ ನಿಂತು ಬಹಳ ದಿನವಾಗಿತ್ತು. ಬಂಡೆಗಳ ನಡುವೆ ಬೆರಳು ದಪ್ಪದ ನೀರು ಹರಿಯುತ್ತಿತ್ತು. ಅಷ್ಟೇ. 12 ಕೋಟಿ ಲೀಟರಿನ ವೈಭವ ನೋಡಿ ಬಂದವನಿಗೆ ಆ ಬೆರಳು ದಪ್ಪದ ನೀರಿನ ಮುಂದೆ ಹೆಚ್ಚು ಹೊತ್ತು ಕೂರಬೇಕೆನ್ನಿಸಿತು.

ಆ ಬೆಟ್ಟ ಹಸಿರಾಗಿದೆ ಎಂಬುದನ್ನೂ ಹೇಳಬೇಕು. ಯುದ್ಧದ ನಂತರ ಕೊರಿಯದ ಬೆಟ್ಟಗಳು ಕೆಂಪು ಮಣ್ಣಿನ ರಾಶಿಗಳಂತಿದ್ದವು. 1973ರಲ್ಲಿ ಹತ್ತು ವರ್ಷಗಳ ನೆಡುತೋಪು ಯೋಜನೆ ಹಾಕಿ, 1978ರಲ್ಲೇ ಗುರಿ ಮುಟ್ಟಿದರು. ಹಳ್ಳಿಗರ ಸಹಕಾರ ಸಂಘಗಳು ಸಸಿ ಬೆಳೆಸಿದವು. ಒಲೆಗೆ ಕಟ್ಟಿಗೆಯ ಬದಲು ಕಲ್ಲಿದ್ದಲ ಬಿಲ್ಲೆ ಬಂತು. ಬೇಗ ಹಸಿರಾಗಲೆಂದು ಅಮೆರಿಕ ಮೂಲದ ಒಂದು ಮರವನ್ನು ಬಹಳವಾಗಿ ನೆಟ್ಟರು. ಅದನ್ನು ಅಲ್ಲಿನ ಜನ ಕರೆಯುವುದು ಏನೆಂದು ಗೊತ್ತೇ? ಅಕಾಸಿಯ! ಅದು ನಮ್ಮ ಗುಡ್ಡ ತುಂಬಿದ ಅಕೇಶಿಯಾ ಅಲ್ಲ, ಬೇರೆಯೇ ಜಾತಿ. ಹೆಸರು ಮಾತ್ರ ತಪ್ಪಾಗಿ ಅಂಟಿಕೊಂಡಿದೆ. ಅದರ ಹೂವಿನಿಂದ ಅವರಿಗೆ ಜೇನಾದರೂ ಸಿಗುತ್ತದೆ. ನಮ್ಮ ಅಕೇಶಿಯಾ ತೋಪಿನಿಂದ ನಮ್ಮ ಒರತೆಗಳಿಗೆ ಏನು ಸಿಕ್ಕಿತು ಎಂಬುದನ್ನು ನಾಳಿನ ಗೋಷ್ಠಿಯಲ್ಲಿ ಚರ್ಚಿಸೋಣ.

ಹಳ್ಳ ಬಿಡಿಸಿದ ಮೇಯರ್ 2008ರಲ್ಲಿ ದೇಶದ ಅಧ್ಯಕ್ಷರಾದರು. ಆಮೇಲೆ ಅವರು ಕೈಗೊಂಡದ್ದು ನಾಲ್ಕು ಮಹಾನದಿಗಳ ಯೋಜನೆ. ಸುಮಾರು 22 ಲಕ್ಷ ಕೋಟಿ ವೊನ್ ಖರ್ಚಿನಲ್ಲಿ ನದಿಗಳ ಹೂಳೆತ್ತಿ, ದಡಗಳಿಗೆ ಕಟ್ಟೆ ಹಾಕಿ, ಅಡ್ಡಲಾಗಿ 16 ಒಡ್ಡುಗಳನ್ನು ಕಟ್ಟಿದರು. ನಿಂತ ನೀರಿನಲ್ಲಿ ಬೇಸಿಗೆಯಲ್ಲಿ ಹಸಿರು ಪಾಚಿ ದಪ್ಪಗಟ್ಟಿತು. ಪರಿಸರದವರು, ರೈತರು, ಧರ್ಮಗುರುಗಳು ಬೀದಿಗಿಳಿದರು. ಒಂದೇ ಕೈ ಒಂದು ಕಡೆ ಹಳ್ಳ ತೆರೆದು, ಇನ್ನೊಂದು ಕಡೆ ನದಿ ಕಟ್ಟಿತು ಎಂದು ಹಲವರು ಆಶ್ಚರ್ಯಪಡುತ್ತಾರೆ. ನನಗೆ ಅದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಎರಡರಲ್ಲೂ ನೀರೆಂದರೆ ನಾವು ಹೇಳಿದಲ್ಲಿ ಹೇಳಿದಷ್ಟು ನಿಲ್ಲಬೇಕಾದ ವಸ್ತು. ಮೊದಲನೆಯದು ಕಣ್ಣಿಗೆ ಹಿತವಾಗಿತ್ತು, ಎರಡನೆಯದು ಹಿತವಾಗಿರಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಎತ್ತಿನಹೊಳೆಯ ತೊರೆಗಳಿಂದ ವರ್ಷಕ್ಕೆ 24 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಚಾಲನೆ ದೊರೆಯಿತು. ಬಯಲುಸೀಮೆಯ ತಾಯಂದಿರ ಕೊಡಕ್ಕೆ ನೀರು ಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕೋಲಾರದ ಕೆರೆಗಳು ತುಂಬಿದ ಚಿತ್ರಗಳು ಸೊಗಸಾಗಿಯೇ ಇರುತ್ತವೆ. ಸಿಯೋಲ್‌ನ ಜಲಪಾತವೂ ಸೊಗಸಾಗಿದೆ. ನಗರದಲ್ಲಿ ನೀವು ಕಾಣುವ ಪ್ರತಿಯೊಂದು ಹರಿವಿನ ಬಳಿಯೂ ನಿಂತು, ಈ ನೀರು ಇಲ್ಲಿನದೋ ತಂದದ್ದೋ, ತಂದದ್ದಾದರೆ ಯಾರ ಅಂಗಳದಿಂದ, ಇಲ್ಲಿದ್ದ ನೀರು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಓದುವ ವಿದ್ಯಾರ್ಥಿಗಳು ಮುಂದಿನ ಶಿಬಿರಕ್ಕೆ ಬರುವಾಗ ತಮ್ಮ ಹಾಸ್ಟೆಲಿನಿಂದ ಮೇಲ್ಮುಖವಾಗಿ ಒಂದು ರಾಜಕಾಲುವೆಯ ಗುಂಟ ನಡೆದು, ಅದರ ಹುಟ್ಟು ಎಲ್ಲಿದೆ, ಈಗ ಅಲ್ಲಿ ಏನಿದೆ ಎಂದು ಬರೆದು ತಂದರೆ ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪಿದ್ದಾರೆ. ಮಂಗಳೂರು, ಹುಬ್ಬಳ್ಳಿಯವರೂ ಬರೆಯಬಹುದು. ಫೋಟೋ ಇಲ್ಲದಿದ್ದರೂ ಸರಿ, ಕೈಯಲ್ಲಿ ಗೀಚಿದ ನಕ್ಷೆ ಇರಲಿ.

ಹೊರದೇಶಕ್ಕೆ ಹೋಗುವವರಿಗೆ ಎರಡು ಮಾತು. ಫೋನಿನ ನಕ್ಷೆಯನ್ನು ಬೆಳಿಗ್ಗೆ ಒಮ್ಮೆ ನೋಡಿ ಜೇಬಿನಲ್ಲಿಡಿ. ಅದು ಹತ್ತಿರದ ದಾರಿಯನ್ನು ತೋರಿಸುತ್ತದೆ, ಇಳಿಜಾರನ್ನು ತೋರಿಸುವುದಿಲ್ಲ. ಉಳಿದುಕೊಂಡ ಜಾಗದ ವಿಳಾಸವನ್ನು ಅಲ್ಲಿನ ಲಿಪಿಯಲ್ಲಿಯೇ ಬರೆಸಿ ಇಟ್ಟುಕೊಂಡರೆ ಎಷ್ಟು ದೂರ ಹೋದರೂ ಮರಳಬಹುದು. ಇನ್ನು ಬೂಟು, ಕೊಡೆ ಇವೆಲ್ಲ ನಿಮಗೆ ನಾನು ಹೇಳಬೇಕಾದ್ದಲ್ಲ.

ನಾಳೆ ಬೆಳಿಗ್ಗೆ ಆರೂವರೆಗೆ ಶಾಲೆಯ ಅಂಗಳದಲ್ಲಿ ಸೇರಿ, ಈ ಊರಿನ ಹಳ್ಳದ ಗುಂಟ ಅಬ್ಬಿಯವರೆಗೆ ಹೋಗುವುದೆಂದು ಗೊತ್ತುಮಾಡಿದ್ದಾರೆ. ಮೇಲಿನ ಕಾನಿನಲ್ಲಿ ಇನ್ನೂ ಉಂಬಳಗಳಿವೆಯಂತೆ. ಸುಣ್ಣ, ಹೊಗೆಸೊಪ್ಪು ಇದ್ದವರು ತನ್ನಿ. ಅಬ್ಬಿಯ ನೀರನ್ನು ದಬ್ಬೆಯಲ್ಲಿ ಮನೆಗೆ ತಂದುಕೊಳ್ಳುತ್ತಿರುವ ಹಿರಿಯರೊಬ್ಬರು ನಮ್ಮ ಜೊತೆ ಬರಲು ಒಪ್ಪಿದ್ದಾರೆ. ಮೂವತ್ತು ವರ್ಷಗಳ ಹಿಂದೆ ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇರುತ್ತಿತ್ತು ಎಂದು ಅವರು ಬಂಡೆಯ ಮೇಲೆ ತೋರಿಸಲಿದ್ದಾರೆ. ಒಂದು ಉಳಿ, ಒಂದು ಸುತ್ತಿಗೆ ಯಾರಾದರೂ ತಂದರೆ ಒಳ್ಳೆಯದು.